ಮುಚ್ಚಿಟ್ಟ ತಟ್ಟೆ, ಉಳಿದ ಹಾಡು

ಹಾಡಿನಲ್ಲಿರುವ ಹೆಂಗಸು ಕೊನೆಗೆ ಊಟ ಮಾಡುತ್ತಾಳೆ. ಐವತ್ತನಾಲ್ಕು ವರ್ಷಗಳಿಂದ, ಅದನ್ನು ಹಾಡಿದ ವರ್ಲೀನ್ ಮೇಬ್ರಿ ಈ ಮಾತನ್ನು ಹೇಳುತ್ತಲೇ ಬಂದಿದ್ದಾಳೆ. ರೇಡಿಯೋದವರಿಗೆ ಹೇಳಿದ್ದಾಳೆ, ಬ್ಯೂಟಿ ಪಾರ್ಲರಿನ ಕುರ್ಚಿಯಲ್ಲಿ ಕೂತು ಹೇಳಿದ್ದಾಳೆ, ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದುಕೊಂಡೂ ಹೇಳಿದ್ದಾಳೆ. ಕೇಳಿದವರು ಆಕೆಯ ಕೈ ಹಿಡಿದು, "ನೀವು ಕಾದ ಹಾಗೆ ಕಾಯೋರು ಈಗ ಯಾರಿದ್ದಾರೆ ಮಿಸ್ ವರ್ಲೀನ್" ಎನ್ನುತ್ತಾರೆ. ಕೆಲವರ ಕಣ್ಣು ತುಂಬಿರುತ್ತದೆ. ಆ ಕಣ್ಣೀರು ಕಂಡರೆ ವರ್ಲೀನ್‌ಗೆ ಮೈಯೆಲ್ಲ ಉರಿಯುತ್ತದೆ.

ಆಕೆ ಯಾರಿಗೂ ಕಾದವಳಲ್ಲ. ಗಂಡ ಹೊಸೀಯ ಮೆಂಫಿಸ್ಸಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ. ಮೂವತ್ತೊಂಬತ್ತು ವರ್ಷದ ಸಂಸಾರದಲ್ಲಿ ಆತ ಸಂಜೆ ಐದೂವರೆಗೆ ಮನೆಯ ಮೆಟ್ಟಿಲು ಹತ್ತದ ದಿನವಿರಲಿಲ್ಲ. ಎಷ್ಟೋ ಸಲ ಅಡುಗೆ ಆಗುವ ಮೊದಲೇ ಬಂದು, ಒಲೆಯ ಪಕ್ಕ ನಿಂತು, ಒಂದೊಂದೇ ಪಾತ್ರೆಯ ಮುಚ್ಚಳ ಎತ್ತಿ ನೋಡಿ ತಲೆ ತಿನ್ನುತ್ತಿದ್ದ. ಹೀಗಿದ್ದೂ ದಕ್ಷಿಣ ಮೆಂಫಿಸ್ಸಿನ ಅರ್ಧ ಜನರ ಪಾಲಿಗೆ ವರ್ಲೀನ್ ಎಂದರೆ ಬಾರದ ಗಂಡನಿಗೆ ತಟ್ಟೆ ಮುಚ್ಚಿಟ್ಟು ಕೂತ ಹೆಂಗಸು.

ಇದಕ್ಕೆ ಕಾರಣ ಒಬ್ಬ ಮನುಷ್ಯ, ಮತ್ತು ಅವನ ಬಲಗೈಯ ಎರಡು ಬೆರಳು. ಆ ಮನುಷ್ಯ ಕ್ಲೀವೆಸ್ಟರ್ ಗ್ಯಾಂಟ್, ಅಕ್ಟೋಬರ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ, ಎಂಬತ್ತೊಂದನೆಯ ವಯಸ್ಸಿನಲ್ಲಿ, ಕಾಫಿ ಲೋಟ ಕೈಯಲ್ಲಿರುವಾಗಲೇ ತೀರಿಕೊಂಡ. ಸುದ್ದಿ ತಿಳಿದಾಗ ವರ್ಲೀನ್ ಮೊದಲು ಅತ್ತಳು. ಅತ್ತು ಮುಗಿದ ಮೇಲೆ ಸಿಟ್ಟು ಬಂತು. ಹಾಡಿನ ಉಳಿದ ಭಾಗವನ್ನು ಕಿವಿಯಾರೆ ಕೇಳಿದ್ದವರಲ್ಲಿ ಅವನೇ ಕೊನೆಯವನು.

ವರ್ಲೀನ್ ಹುಟ್ಟಿದ್ದು 1946ರಲ್ಲಿ, ಮಿಸಿಸಿಪ್ಪಿಯ ಹೋಲಿ ಸ್ಪ್ರಿಂಗ್ಸ್ ಬಳಿಯ ಹತ್ತಿ ಹೊಲಗಳಲ್ಲಿ ದುಡಿಯುವವರ ಮನೆಯಲ್ಲಿ. ಎಂಟು ವರ್ಷಕ್ಕೆ ತಾಯಿಯ ಜೊತೆ ಮೆಂಫಿಸ್‌ಗೆ ಬಂದಳು. ನ್ಯೂ ಶೈನಿಂಗ್ ಹಿಲ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ತಾಯಿ ಅಡುಗೆಮನೆಗೆ ಸೇರಿದಳು, ಮಗಳು ಗಾಯನವೃಂದಕ್ಕೆ. ಒಂಬತ್ತನೆಯ ವಯಸ್ಸಿನಲ್ಲಿ ಆಕೆ ಮೊದಲ ಸಲ ಒಬ್ಬಳೇ ನಿಂತು ಹಾಡಿದಾಗ ಬಿಳಿ ಉಡುಪಿನ ಇಬ್ಬರು ಹಿರಿಯ ಹೆಂಗಸರು ಎಚ್ಚರ ತಪ್ಪಿ ಬಿದ್ದರು ಎಂದು ಚರ್ಚಿನವರು ಈಗಲೂ ಹೇಳುತ್ತಾರೆ. ವರ್ಲೀನ್ ಪ್ರಕಾರ ಬಿದ್ದದ್ದು ಒಬ್ಬಳೇ, ಅದೂ ಆಗಸ್ಟ್ ತಿಂಗಳ ಸೆಕೆಗೆ.

ಇಪ್ಪತ್ತೆರಡಕ್ಕೆ ಆಕೆ ಲಾಂಡ್ರಿಯೊಂದರಲ್ಲಿ ಹೋಟೆಲುಗಳ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಕ್ಲೀವೆಸ್ಟರ್ ಭಾನುವಾರ ಚರ್ಚಿನ ಆರ್ಗನ್ ನುಡಿಸುತ್ತಿದ್ದ, ಉಳಿದ ದಿನ ಒಂದು ಸಣ್ಣ ರೆಕಾರ್ಡ್ ಕಂಪನಿಯ ಸ್ಟುಡಿಯೋ ನೋಡಿಕೊಳ್ಳುತ್ತಿದ್ದ. ಹಿಂದೆ ಮಂಜುಗಡ್ಡೆ ಕಾರ್ಖಾನೆಯಾಗಿದ್ದ ಕಟ್ಟಡ ಅದು, ಎಲ್ಲರ ಬಾಯಲ್ಲೂ ಐಸ್‌ಹೌಸ್. ಹಾಡಿಸುವವನು, ಆರ್ಗನ್ ನುಡಿಸುವವನು, ಟೇಪು ತಿರುಗಿಸುವವನು ಎಲ್ಲ ಅವನೇ. "ಒಂದು ಹಾಡಿದೆ, ನಿನ್ನ ಗಂಟಲಿಗೆ ಸರಿಹೋಗತ್ತೆ, ಗುರುವಾರ ರಜೆ ಹಾಕು" ಎಂದು ಕರೆದ.

'ನಿನ್ನ ತಟ್ಟೆ ಮುಚ್ಚಿಟ್ಟಿದ್ದೀನಿ' ಎಂಬ ಆ ಹಾಡಿಗೆ ಎರಡು ಚರಣ, ಒಂದು ಪಲ್ಲವಿ ಇದ್ದವು. ಮುಂದೆ ಏನೂ ಬರೆದಿರಲಿಲ್ಲ. ಚರ್ಚಿನ ಧಾಟಿಯಲ್ಲಿ ಪ್ರೀತಿ, ವಿರಹ ಹಾಡುವ ಸೋಲ್ ಹಾಡುಗಳನ್ನು ಮಾಡುತ್ತಿದ್ದ ಬಗೆಯೇ ಹಾಗೆ. ಬರೆದದ್ದು ಮುಗಿದ ಮೇಲೆ ವಾದ್ಯದವರು ಒಂದೇ ವರಸೆಯನ್ನು ತಿರುಗಿ ತಿರುಗಿ ಬಾರಿಸುತ್ತಿದ್ದರು, ಹಾಡುವವರು ಆ ಹೊತ್ತಿಗೆ ಬಾಯಿಗೆ ಬಂದದ್ದನ್ನು ಹಾಡುತ್ತಾ ಹೋಗುತ್ತಿದ್ದರು. ಸಾಕೆನಿಸಿದಾಗ ಟೇಪಿನವನು ಎರಡು ಬೆರಳಿನಿಂದ ನಾಬ್ ತಿರುಗಿಸಿ ಸದ್ದನ್ನು ಮೆಲ್ಲಮೆಲ್ಲಗೆ ಇಳಿಸುತ್ತಿದ್ದ. ಬೀದಿಯ ತಿರುವು ದಾಟಿದ ಕಾರಿನ ಹಾಗೆ ಹಾಡು ದೂರವಾಗಿ ಕೇಳಿಸದೆ ಹೋಗುತ್ತಿತ್ತು. ಕೊನೆಯೊಂದನ್ನು ಕಟ್ಟುವ ತೊಂದರೆಯನ್ನು ಯಾರೂ ತೆಗೆದುಕೊಳ್ಳುತ್ತಿರಲಿಲ್ಲ.

ಆ ಗುರುವಾರ ಬೆಳಿಗ್ಗೆ ಹತ್ತಕ್ಕೆ ಶುರುವಾದ ಕೆಲಸ ಮಧ್ಯಾಹ್ನ ಮೂರಾದರೂ ಮುಗಿಯಲಿಲ್ಲ. ಡ್ರಮ್ಮಿನವನ ಕಾಲು ಹಿಡಿದುಕೊಂಡಿತು, ಗಿಟಾರಿನ ತಂತಿ ಹರಿಯಿತು. ವರ್ಲೀನ್ ಬೆಳಗ್ಗಿನಿಂದ ತಿಂದದ್ದು ಎರಡು ಬಿಸ್ಕತ್ತು. ಹದಿನೇಳನೆಯ ಸಲ ಹಾಡುವಾಗ ಪಲ್ಲವಿ ದಾಟಿ, ಏನೂ ಬರೆದಿರದ ಆ ಬಯಲಿಗೆ ಬಂದಳು. ಹಾಡಿನಲ್ಲಿ ತಟ್ಟೆ ಒಲೆಯ ಮೇಲೆ ಬೆಚ್ಚಗಿತ್ತು. ಗಂಡ ಬಂದಿರಲಿಲ್ಲ. ಹೊಟ್ಟೆ ಚುರುಗುಟ್ಟುತ್ತಿತ್ತು. ಇನ್ನು ಎಷ್ಟು ಹೊತ್ತು ಅಂತ ಕಾಯುವುದು ಎನಿಸಿತು, ಮುಚ್ಚಳ ತೆಗೆದುಬಿಟ್ಟಳು.

ಮುಚ್ಚಳ ತೆಗೆದೆ, ಕುರ್ಚಿ ಎಳಕೊಂಡೆ
ನಿನ್ನ ಪಾಲಿನ ಕತ್ತಿನ ಮೂಳೆ ಚೀಪಿದೆ
ನಿನ್ನ ಪಾಲಿನ ಎಲೆಕೋಸು ಬಳಿದೆ
ಜೋಳದ ಬ್ರೆಡ್ಡು ಸಾರಿಗೆ ಅದ್ದಿ ತಿಂದೆ
ತಟ್ಟೆ ತೊಳೆದು ಬೋರಲು ಹಾಕಿದೆ

ಒಂದೊಂದು ಸಾಲನ್ನೂ ಮೂರು ನಾಲ್ಕು ಬಗೆಯಲ್ಲಿ ಎಳೆದು, ಕತ್ತರಿಸಿ, ಗಂಟಲಿನ ತಳದಿಂದ ಎತ್ತಿ ಹಾಡಿದಳು. ಗಿಟಾರಿನವನು ನಗು ತಡೆಯಲಾರದೆ ಗೋಡೆಗೆ ತಿರುಗಿ ನುಡಿಸಿದ. ಡ್ರಮ್ಮಿನವನು ಮೂಳೆಯ ಹತ್ತಿರ ಒಂದು ಪೆಟ್ಟು ತಪ್ಪಿ, ತಪ್ಪಿದ್ದನ್ನೇ ಮುಂದೆ ಹಿಡಿದುಕೊಂಡ. ಒಂದೂವರೆ ನಿಮಿಷ ಅದು ಹಾಗೇ ನಡೆಯಿತು. ಜೀವನದಲ್ಲಿ ತಾನು ಅಷ್ಟು ಚೆನ್ನಾಗಿ ಹಾಡಿದ್ದು ಅದೊಂದೇ ಸಲ ಎಂದು ವರ್ಲೀನ್‌ಗೆ ಆಗಲೂ ಗೊತ್ತಿತ್ತು, ಈಗಲೂ ಗೊತ್ತು.

ಮೂರು ವಾರದ ಮೇಲೆ ಲಾಂಡ್ರಿಯ ರೇಡಿಯೋದಲ್ಲಿ ಹಾಡು ಬಂತು. ಜೊತೆಯ ಹೆಂಗಸರು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ಕೇಳಿದರು. ಎರಡು ಚರಣ ಬಂದವು, ಪಲ್ಲವಿ ಬಂತು, ಇನ್ನೇನು ಮುಚ್ಚಳ ಎನ್ನುವಾಗ ಸದ್ದು ಇಳಿಯತೊಡಗಿತು. ಇಳಿದು ಇಳಿದು, ಎರಡು ನಿಮಿಷ ನಲವತ್ತೆಂಟನೆಯ ಸೆಕೆಂಡಿಗೆ ಏನೂ ಉಳಿಯಲಿಲ್ಲ. ಹಾಡಿನ ಹೆಂಗಸು ಕಾಯುತ್ತಲೇ ಇದ್ದಳು. ಲಾಂಡ್ರಿಯವರು ಮೂಗು ಒರೆಸಿಕೊಂಡರು.

ಆ ಭಾನುವಾರ ಪ್ರಾರ್ಥನೆ ಮುಗಿಯುತ್ತಲೇ ಆಕೆ ಆರ್ಗನ್ನಿನ ಹತ್ತಿರ ಹೋದಳು.

"ಅವಳು ಊಟ ಮಾಡಿದ್ದೆಲ್ಲೋ?"

ಕ್ಲೀವೆಸ್ಟರ್ ತಲೆ ಎತ್ತಲಿಲ್ಲ. "ಮೂರು ನಿಮಿಷ ದಾಟಿದ್ರೆ ರೇಡಿಯೋದವ್ರು ತಿರುಗಿ ನೋಡಲ್ಲ ವರ್ಲೀನ್."

"ಹಾಗಾದ್ರೆ ಕಾಯೋದನ್ನ ಕಡಿಮೆ ಮಾಡ್ಬೇಕಿತ್ತು. ಎರಡು ಚರಣ ಪೂರ್ತಿ ಕಾಯ್ತಾಳೆ. ಒಂದು ಸಾಕಾಗ್ತಿರ್ಲಿಲ್ವಾ?"

"ಜನಕ್ಕೆ ಬೇಕಾಗಿರೋದೇ ಕಾಯೋದು ಕಣೆ. ತಿನ್ನೋದನ್ನ ಎಲ್ರೂ ಮನೇಲಿ ಮಾಡ್ತಾರೆ."

"ಆ ಟೇಪಾದ್ರೂ ಎತ್ತಿಡು."

"ಆಗ್ಲಿ" ಎಂದ. ಮುಂದಿನ ತಿಂಗಳು ಅದೇ ಟೇಪಿನ ಮೇಲೆ ಸಾಬೂನಿನ ಜಾಹೀರಾತೊಂದನ್ನು ಹಾಡಿಸಿದ. ಹೊಸ ಟೇಪಿಗೆ ಬರ ಇದ್ದ ಕಾಲ, ಐಸ್‌ಹೌಸಿನಲ್ಲಿ ಎಲ್ಲದರ ಗತಿಯೂ ಅದೇ ಆಗಿತ್ತು. ವರ್ಲೀನ್ ಆ ಸಾಬೂನನ್ನು ಇವತ್ತಿನವರೆಗೆ ಮನೆಗೆ ತಂದಿಲ್ಲ.

ರೆಕಾರ್ಡು ಓಡಿತು. ಮೂರು ವರ್ಷ ಆಕೆ ಬೇರೆ ನಾಲ್ವರು ಹಾಡುಗಾರರ ಜೊತೆ ಒಂದು ಹಳೆಯ ಕಾರಿನಲ್ಲಿ ಅಲಬಾಮಾ, ಜಾರ್ಜಿಯಾ, ಲೂಸಿಯಾನಾ ಸುತ್ತಿದಳು. ಸೆಟ್ಟಾದ ಕೂದಲು ಕೆಡದಂತೆ ಕೂತು ನಿದ್ದೆ ಮಾಡುವುದನ್ನು ಕಲಿತಳು, ಮಡಿಲಲ್ಲಿ ಕಾಗದ ಹರವಿಕೊಂಡು ಕರಿದ ಮೀನು ತಿನ್ನುವುದನ್ನು ಕಲಿತಳು. ಪ್ರತಿ ಊರಿನಲ್ಲೂ ಕೊನೆಯವರೆಗೆ ಹಾಡಲು ನೋಡಿದಳು. ಒಬ್ಬೊಬ್ಬರಿಗೆ ಒಂದೇ ಹಾಡು, ಮೂರೇ ನಿಮಿಷ. ಆಕೆಯ ಕೈ ಮುಚ್ಚಳದ ಮೇಲೆ ಹೋಗುವಷ್ಟರಲ್ಲಿ ನಿರೂಪಕ ಮೈಕು ಹಿಡಿದು ಓಡಿ ಬಂದು, ಆಕೆಯ ಹೆಸರನ್ನು ಮೂರು ಸಲ ಕೂಗಿ, ಮೊಣಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದ.

ಅತ್ತ ಚರ್ಚಿನಲ್ಲಿ ಆಗಿನ ಪಾಸ್ಟರ್, ಇದು ದೇವರದ್ದಲ್ಲ, ಲೋಕದ ಹಾಡು, ಹಾಡಿದವಳು ಒಂದು ವರ್ಷ ಹಿಂದಿನ ಬೆಂಚಿನಲ್ಲಿ ಕೂರಲಿ ಎಂದರು. ತಾಯಿ ಅಡುಗೆಮನೆಯಿಂದ ಏಪ್ರನ್ನಿನಲ್ಲೇ ಹೊರಗೆ ಬಂದು, "ಅಡುಗೆ ಮಾಡಿ ತಟ್ಟೆ ಮುಚ್ಚಿಡೋದು ಯಾವ ಪಾಪ ಪಾಸ್ಟರ್? ಪ್ರತಿ ಭಾನುವಾರ ನಿಮಗೂ ಮುಚ್ಚಿಡ್ತೀನಲ್ಲ" ಎಂದು ಕೇಳಿದಳು. ಒಂದು ವರ್ಷದ ಶಿಕ್ಷೆ ಒಂದು ತಿಂಗಳಿಗೆ ಇಳಿಯಿತು. ಆದರೆ ಹೆತ್ತ ತಾಯಿಗೂ ಹಾಡು ಅರ್ಥವಾಗಿದ್ದು ಮುಚ್ಚಿಡುವವರೆಗೆ ಮಾತ್ರ.

ಮುಂದಿನ ಎರಡು ರೆಕಾರ್ಡುಗಳನ್ನು ಯಾರೂ ಕೇಳಲಿಲ್ಲ. 1973ರಲ್ಲಿ ಐಸ್‌ಹೌಸ್ ಬಾಗಿಲು ಹಾಕಿತು. ಎರಡು ವರ್ಷ ಬಿಟ್ಟು ವರ್ಲೀನ್ ಒಂದು ಸರ್ಕಾರಿ ಶಾಲೆಯ ಅಡುಗೆಮನೆಗೆ ಸೇರಿದಳು. ಅಲ್ಲಿ ಇಪ್ಪತ್ತೊಂಬತ್ತು ವರ್ಷ, ದಿನಕ್ಕೆ ಆರುನೂರು ಮಕ್ಕಳಿಗೆ ಬಡಿಸಿದಳು. ವಾರಕ್ಕೊಮ್ಮೆಯಾದರೂ ಒಬ್ಬ ಟೀಚರು ತಟ್ಟೆ ಹಿಡಿದು ಬಂದು, "ನಂದೂ ಮುಚ್ಚಿಡ್ತೀರಾ ಮಿಸ್ ವರ್ಲೀನ್" ಎಂದು ತಮಾಷೆ ಮಾಡುತ್ತಿದ್ದರು. ಪ್ರತಿಯೊಬ್ಬರೂ ಅದನ್ನು ತಾವೇ ಮೊದಲು ಹೇಳಿದವರಂತೆ ಹೇಳುತ್ತಿದ್ದರು.

1998ರಲ್ಲಿ ಹಳೆಯ ರೆಕಾರ್ಡು ಹುಡುಕುವ ಇಂಗ್ಲೆಂಡಿನವರು ಪತ್ತೆ ಹಚ್ಚಿ ಕರೆಸಿಕೊಂಡರು. ಕಡಲತೀರದ ಒಂದು ಊರಿನ ಸಭಾಂಗಣ, ನಡುವಯಸ್ಸಿನ ಬಿಳಿಯರು ಬೆವರು ಸುರಿಸುತ್ತಾ ಬುಗುರಿಯ ಹಾಗೆ ತಿರುಗಿ ಕುಣಿಯುತ್ತಿದ್ದರು. ಜೊತೆಗೆ ನುಡಿಸಿದ ಬ್ಯಾಂಡು ಎರಡು ತಿಂಗಳು ಅಭ್ಯಾಸ ಮಾಡಿತ್ತು. ಎರಡು ನಿಮಿಷ ನಲವತ್ತೆಂಟು ಸೆಕೆಂಡಿಗೆ ಒಂಬತ್ತು ಜನರೂ ಒಟ್ಟಿಗೆ ಸದ್ದು ಇಳಿಸಿ ನಿಲ್ಲಿಸಿದರು. ಯಾಕೆ ಎಂದು ಕೇಳಿದರೆ ನಾಯಕ ಹೆಮ್ಮೆಯಿಂದ, "ರೆಕಾರ್ಡಲ್ಲಿ ಹೀಗೇ ಇದೆಯಲ್ಲ ಮೇಡಂ" ಎಂದ.

ಇವೆಲ್ಲವನ್ನೂ ಆಕೆ ಗೊಣಗಿಕೊಂಡು ಮರೆಯಬಲ್ಲವಳಾಗಿದ್ದಳು. ಮರೆಯಲಾಗದ್ದು ಕಿರಾಣಿ ಅಂಗಡಿಯಲ್ಲಿ ಸಿಕ್ಕ ಒಬ್ಬ ಹೆಂಗಸು. ಗಂಡ ಬೇರೊಬ್ಬಳ ಜೊತೆ ಸೇಂಟ್ ಲೂಯಿಗೆ ಹೋಗಿದ್ದ, ಆ ಹಾಡು ಕೇಳುತ್ತಾ ಏಳು ವರ್ಷ ಕಾದೆ ಎಂದಳು. ಏಳು ವರ್ಷ. ವರ್ಲೀನ್ ಕೈಯಲ್ಲಿದ್ದ ಈರುಳ್ಳಿ ಚೀಲವನ್ನು ಅಲ್ಲೇ ಬಿಟ್ಟು ಮನೆಗೆ ಬಂದು ಹೊಸೀಯನಿಗೆ, "ನನ್ನಿಂದ ಊರ ಹೆಂಗಸರೆಲ್ಲ ಉಪವಾಸ ಕೂತಿದ್ದಾರೆ" ಎಂದಳು. ಹೊಸೀಯ ತಟ್ಟೆಯಿಂದ ತಲೆ ಎತ್ತಿ, "ಈರುಳ್ಳಿ ಎಲ್ಲಿ?" ಎಂದು ಕೇಳಿದ.

ಡ್ರಮ್ಮಿನವನು, ಗಿಟಾರಿನವನು, ಬೇಸ್ ನುಡಿಸುವವನು ಒಬ್ಬೊಬ್ಬರಾಗಿ ಹೋದರು. ಕ್ಲೀವೆಸ್ಟರ್ ಉಳಿದಿದ್ದ. ವರ್ಷಕ್ಕೆ ನಾಲ್ಕು ಸಲವಾದರೂ ಆಕೆ ಅವನ ಮನೆಗೆ ಹೋಗಿ ಜಗಳ ತೆಗೆಯುತ್ತಿದ್ದಳು. "ನೀನಾದ್ರೂ ಜನಕ್ಕೆ ಹೇಳೋ, ಅವಳು ತಿಂದ್ಲು ಅಂತ." ಅವನು ಪ್ರತಿ ಸಲವೂ, "ಹೇಳೋಣ, ಹೇಳೋಣ" ಎಂದು ನಕ್ಕು ಬಿಡುತ್ತಿದ್ದ. ಹೇಳದೆ ಹೋಗಿಬಿಟ್ಟ.

ಮಂಗಳವಾರ ಮಧ್ಯಾಹ್ನ ಅವನ ಹೆಂಡತಿ ಆರ್ಡೆಲ್ಲಾ ವರ್ಲೀನ್ ಮನೆಗೆ ಬಂದಳು. ಎಪ್ಪತ್ತೊಂಬತ್ತರ, ನೇರ ಬೆನ್ನಿನ, ಕಡಿಮೆ ಮಾತಿನ ಹೆಂಗಸು. ಟೋಪಿ ತೆಗೆಯದೆಯೇ ಕೂತಳು.

"ಶನಿವಾರ ಅಂತ್ಯಕ್ರಿಯೇಲಿ ನೀನು ತಟ್ಟೆ ಹಾಡು ಹಾಡ್ಬೇಕು."

"ಚರ್ಚಲ್ಲಾ? ಪಾಸ್ಟರ್ ಏನಂತಾರೆ?"

"ಹಾಡು ಲೋಕದ್ದು, ಸತ್ತವನು ನಮ್ಮೋನು, ಎರಡೇ ನಿಮಿಷ ಅಂದ್ರು. ಮೂರಾದ್ರೂ ಸುಮ್ನಿರ್ತಾರೆ. ರೆಕಾರ್ಡಲ್ಲಿ ಹೇಗಿದ್ಯೋ ಹಾಗೇ ಹಾಡು ವರ್ಲೀನ್. ಹೆಚ್ಚಿಲ್ಲ, ಕಡಿಮೆ ಇಲ್ಲ."

ವರ್ಲೀನ್ ಬಾಯಿ ತೆರೆಯುವಷ್ಟರಲ್ಲಿ ಆರ್ಡೆಲ್ಲಾ ಕೈಚೀಲದ ಕೊಂಡಿ ಹಾಕುತ್ತಾ ಹೇಳಿದಳು, "ಆ ಹಾಡಿಲ್ದೇ ಹೋಗಿದ್ರೆ ನಾನು ಆ ಮನುಷ್ಯನ ಜೊತೆ ಐವತ್ತಾರು ವರ್ಷ ಬಾಳ್ತಿರ್ಲಿಲ್ಲ."

ಅವಳು ಹೋದ ಮೇಲೆ ವರ್ಲೀನ್ ಲೆಕ್ಕ ಹಾಕಿದಳು. ಕಾದವರ ಸಾಲಿಗೆ ಇವಳೂ ಸೇರಿದ್ದಳು, ಅದೂ ಎಲ್ಲರಿಗಿಂತ ಮುಂದೆ. ಕ್ಲೀವೆಸ್ಟರ್ ಹೇಳಿದ ದಿನ ಮನೆಗೆ ಬಂದವನೇ ಅಲ್ಲ. ಬ್ಯಾಂಡಿನ ಜೊತೆ ಹೋದರೆ ಬುಧವಾರ ಎಂದವನು ಶುಕ್ರವಾರ ಬರುತ್ತಿದ್ದ, ಊರಲ್ಲೇ ಇದ್ದರೂ ಊಟದ ಹೊತ್ತಿಗೆ ಬರುತ್ತಿರಲಿಲ್ಲ. ಅಂಥವನಿಗಾಗಿ ಐವತ್ತಾರು ವರ್ಷ ತಟ್ಟೆ ಮುಚ್ಚಿಟ್ಟ ಹೆಂಗಸು ಮೊದಲ ಬೆಂಚಿನಲ್ಲಿ ಕೂತಿರುವಾಗ, 'ನಿನ್ನ ಪಾಲಿನ ಮೂಳೆ ಚೀಪಿದೆ' ಎಂದು ಹೇಗೆ ಹಾಡುವುದು? ಹಾಡದಿದ್ದರೆ ಇನ್ನೆಲ್ಲಿ ಹಾಡುವುದು? ಎಪ್ಪತ್ತಾರಾಗಿದೆ, ಮೆಟ್ಟಿಲು ಹತ್ತಿದರೆ ಉಸಿರು ಸಿಗುವುದಿಲ್ಲ. ಇನ್ನೊಂದು ಸಲ ನಾನೂರು ಜನ ಕೂತು ಕೇಳುವ ದಿನ ಬಂದರೆ ಅದು ಆಕೆಯ ಸ್ವಂತ ಅಂತ್ಯಕ್ರಿಯೆಯೇ ಇರಬೇಕು, ಆವತ್ತು ಹಾಡಲಿಕ್ಕೆ ಬರುವುದಿಲ್ಲ.

ಗುರುವಾರ ಚರ್ಚಿನ ಈಗಿನ ಆರ್ಗನ್‌ವಾದಕ ಡಿಮೇರಿಯಸ್ ಫೋನು ಮಾಡಿದ. ಮೂವತ್ತರ ಆಸುಪಾಸಿನವನು, ಬ್ಯಾಂಕಿನಲ್ಲಿ ಕೆಲಸ. "ಪ್ರಾಕ್ಟೀಸ್ ಏನೂ ಬೇಡ ಮಿಸ್ ವರ್ಲೀನ್. ಮೂರು ದಿನದಿಂದ ಅದನ್ನೇ ಹಾಕ್ಕೊಂಡು ಕೂತಿದ್ದೀನಿ. ಒಂದೊಂದು ಸ್ವರಾನೂ ಗೊತ್ತು." ಆ ಮಾತಿಗೇ ಆಕೆಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಶುಕ್ರವಾರ ಸಂಜೆ ಕಪ್ಪು ಉಡುಪಿಗೆ ಇಸ್ತ್ರಿ ಹಾಕುತ್ತಾ ತೀರ್ಮಾನ ಮಾಡಿದಳು. ಹಾಡುತ್ತೇನೆ. ಆರ್ಡೆಲ್ಲಾಳ ಮುಖ ನೋಡದೆ, ಹಿಂದಿನ ಗೋಡೆಯ ಗಡಿಯಾರ ನೋಡುತ್ತಾ ಹಾಡುತ್ತೇನೆ.

ಶನಿವಾರ ಹನ್ನೊಂದಕ್ಕೆ ಚರ್ಚು ಕಿಕ್ಕಿರಿದಿತ್ತು. ಕೈಗೆ ಕೊಟ್ಟ ಕಾರ್ಯಕ್ರಮ ಪುಸ್ತಿಕೆಯಲ್ಲಿ 'ನೆನಪಿನ ಮಾತು: ದಯವಿಟ್ಟು ಎರಡು ನಿಮಿಷ ಮಾತ್ರ' ಎಂದು ಅಚ್ಚಾಗಿತ್ತು. ವಾದ್ಯಗಾರರ ಸಂಘದ ಗೆಳೆಯನೊಬ್ಬ ಹನ್ನೊಂದು ನಿಮಿಷ ಮಾತಾಡಿದ. ನೆರೆಮನೆಯವನು ಮೊದಲು ಕ್ಲೀವೆಸ್ಟರನ ಗುಣ, ಆಮೇಲೆ ತನ್ನ ಮಂಡಿ ಶಸ್ತ್ರಚಿಕಿತ್ಸೆ ವಿವರಿಸಿದ. ಎರಡನೆಯ ಬೆಂಚಿನಲ್ಲಿ ಚಿಕಾಗೋದಿಂದ ಬಂದಿದ್ದ ಕ್ಲೀವೆಸ್ಟರನ ಇಬ್ಬರು ತಂಗಿಯರು, ಹಿಂದಿನವರಿಗೆ ಏನೂ ಕಾಣದಷ್ಟು ಅಗಲದ ನೇರಳೆ ಟೋಪಿ ಹಾಕಿಕೊಂಡು ಕೂತಿದ್ದರು. ಅವರಲ್ಲಿ ದೊಡ್ಡವಳು ಎದ್ದು, "ನಮ್ಮ ಅತ್ತಿಗೆಯಂಥ ತಾಳ್ಮೆಯ ಹೆಂಗಸನ್ನ ದೇವರು ಇನ್ನೊಬ್ಬಳನ್ನ ಮಾಡಿಲ್ಲ. ತಟ್ಟೆ ಮುಚ್ಚಿಟ್ಟು ಕಾದ್ಲು, ನಮ್ಮಣ್ಣನಿಗಾಗಿ ಕಾದ್ಲು" ಎಂದಳು. ಚರ್ಚಿನ ತುಂಬ ಆಮೆನ್ ಎದ್ದಿತು. ಆರ್ಡೆಲ್ಲಾ ಮುಸುಕಿನ ಹಿಂದೆ ಅಲ್ಲಾಡದೆ ಕೂತಿದ್ದಳು.

ವರ್ಲೀನ್ ಎದ್ದು ಮೈಕಿನ ಮುಂದೆ ನಿಂತಳು. ಡಿಮೇರಿಯಸ್ ಮೊದಲ ನಾಲ್ಕು ಸ್ವರ ನುಡಿಸಿದ್ದೇ ಆಕೆಯ ಬೆನ್ನು ನೆಟ್ಟಗಾಯಿತು. ಹಾಡು ಕ್ಲೀವೆಸ್ಟರ್ ನುಡಿಸಿದ ಹಾಗೆಯೇ ಇತ್ತು, ಆ ಸೋಮಾರಿ ಎಡಗೈ ಸಮೇತ. ಮೊದಲ ಚರಣಕ್ಕೆ ಗಂಟಲು ಸ್ವಲ್ಪ ಕರಕರ ಎಂದಿತು, ಎರಡನೆಯದಕ್ಕೆ ದಾರಿ ಬಿಟ್ಟಿತು. ಪಲ್ಲವಿಗೆ ಜನ ಎದ್ದು ನಿಂತು ಚಪ್ಪಾಳೆಯ ತಾಳ ಹಿಡಿದರು. ಆಕೆ ಗಡಿಯಾರ ನೋಡಿದಳು, ಉಸಿರು ಎಳೆದುಕೊಂಡಳು, ಮುಚ್ಚಳಕ್ಕೆ ಕೈ ಹಾಕಿದಳು.

ಆರ್ಗನ್ ಸಣ್ಣಗಾಗತೊಡಗಿತು.

ತಿರುಗಿ ನೋಡಿದರೆ ಡಿಮೇರಿಯಸ್ ಕಣ್ಣು ಮುಚ್ಚಿಕೊಂಡು, ಭಕ್ತಿಯಿಂದ, ಸದ್ದು ಏರಿಸಿ ಇಳಿಸುವ ಕಾಲಡಿಯ ಪೆಡಲನ್ನು ಕೂದಲೆಳೆಯಷ್ಟಷ್ಟೇ ಬಿಡುತ್ತಿದ್ದ. ಡ್ರಮ್ಮು ಅವನ ಹಿಂದೆ ಇಳಿಯಿತು. ಗಾಯನವೃಂದದವರು ಗುನುಗುವುದನ್ನು ಇಳಿಸಿದರು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಜನರೂ ಇಳಿಸಿದರು. ಐವತ್ತು ವರ್ಷ ಆ ರೆಕಾರ್ಡು ಕೇಳಿದ್ದ ನಾನೂರು ಜನರಿಗೆ ಹಾಡು ಎಲ್ಲಿ ಕರಗುತ್ತದೆ ಎಂದು ಚೆನ್ನಾಗಿ ಗೊತ್ತಿತ್ತು. ಚಪ್ಪಾಳೆ ತೆಳ್ಳಗಾಗಿ, ಬೆರಳ ತುದಿಗೆ ಬಂದು, ನಿಂತಿತು. ಎಲ್ಲರೂ ಸದ್ದಿಲ್ಲದೆ ಕೂತರು. ಆಕೆಯ ಎದೆಯಲ್ಲಿ ಎಳೆದುಕೊಂಡ ಉಸಿರು ಇನ್ನೂ ಹಾಗೇ ಇತ್ತು.

ಪಾಸ್ಟರ್ ಆಗಲೇ ಮೈಕಿನ ಹತ್ತಿರ ಬಂದು "ಆಮೆನ್" ಎಂದಿದ್ದರು. ಬಿಳಿ ಕೈಗವಸಿನ ಓಪಲ್, ಚರ್ಚಿನಲ್ಲಿ ಜನರನ್ನು ಕೂರಿಸುವ ಕೆಲಸದವಳು, ಒಂದು ಕೈಯಲ್ಲಿ ಬೀಸಣಿಗೆ, ಇನ್ನೊಂದರಲ್ಲಿ ಟಿಶ್ಯೂ ಹಿಡಿದು ಬಂದು ಆಕೆಯ ಮೊಣಕೈ ಹಿಡಿದಳು.

"ನನಗೇನೂ ಆಗಿಲ್ಲ ಓಪಲ್."

"ಗೊತ್ತಮ್ಮ. ಅತ್ತುಬಿಡು."

"ಅಳ್ತಿಲ್ಲ. ಹಾಡು ಮುಗಿದಿಲ್ಲ."

"ಯಾರ ಹಾಡು ಮುಗಿದಿದೆ ಹೇಳು. ಮಿಕ್ಕಿದ್ದನ್ನ ಅಲ್ಲಿ ಮೇಲೆ ಹಾಡೋಣಂತೆ" ಎಂದು ಓಪಲ್ ಬೀಸಣಿಗೆ ಬೀಸುತ್ತಾ ಆಕೆಯನ್ನು ಬೆಂಚಿಗೆ ಒಯ್ದು ಕೂರಿಸಿದಳು.

ಮಣ್ಣು ಮಾಡಿ ಬಂದ ಮೇಲೆ ಊಟ ಚರ್ಚಿನ ಕೆಳಗಿನ ಹಾಲ್‌ನಲ್ಲಿ. ಕರಿದ ಕೋಳಿ, ಹುರುಳಿಕಾಯಿ, ಸ್ಪಗೆಟಿ, ಸಕ್ಕರೆ ಹೆಚ್ಚಾದ ಐಸ್ ಟೀ. ಅಡುಗೆಮನೆಯ ಕಿಟಕಿಯಿಂದ ತಟ್ಟೆಗಳು ಫಾಯಿಲ್ ಮುಚ್ಚಿಕೊಂಡು ಬರುತ್ತಿದ್ದವು. ವರ್ಲೀನ್ ಸಾಲಿನಲ್ಲಿ ನಿಂತಿರುವಾಗ ಡಿಮೇರಿಯಸ್ ಮುಖವೆಲ್ಲ ಬೆಳಗಿಸಿಕೊಂಡು ಬಂದ.

"ಸೆಕೆಂಡು ಆಚೀಚೆ ಆಗ್ಲಿಲ್ಲ ಅಲ್ವಾ ಮಿಸ್ ವರ್ಲೀನ್?"

ಆಕೆ ಕಿಟಕಿಯಿಂದ ತಟ್ಟೆ ತೆಗೆದುಕೊಂಡಳು. "ಇಲ್ಲಪ್ಪ. ಒಂದು ಸೆಕೆಂಡೂ ಆಗ್ಲಿಲ್ಲ."

ಮನೆಯವರ ಮೇಜಿನಿಂದ ಆರ್ಡೆಲ್ಲಾ ಬೆರಳು ಆಡಿಸಿ ಕರೆದಳು. ಪಕ್ಕದ ಕುರ್ಚಿ ಖಾಲಿ ಇತ್ತು. ಪಕ್ಕದ ಮೇಜಿನಲ್ಲಿ ನೇರಳೆ ಟೋಪಿಗಳು ಊಟದಲ್ಲಿ ಮುಳುಗಿದ್ದವು. ವರ್ಲೀನ್ ಕೂತು ತಟ್ಟೆಯ ಫಾಯಿಲ್ ಬಿಚ್ಚಿದಳು. ತಣ್ಣಗಾಗಿತ್ತು.

"ಚೆನ್ನಾಗಿ ಹಾಡ್ದೆ" ಎಂದಳು ಆರ್ಡೆಲ್ಲಾ.

"ಹಾಡ್ಲಿಲ್ಲ. ಹಾಡಕ್ಕೆ ಬಿಡ್ಲಿಲ್ಲ."

"ನೋಡ್ದೆ. ಮುಚ್ಚಳಕ್ಕೆ ಕೈ ಹಾಕಿದ್ದೆ ನೀನು."

ವರ್ಲೀನ್ ಕೈಯಲ್ಲಿದ್ದ ಕೋಳಿ ಕಾಲು ಅಲ್ಲೇ ನಿಂತಿತು. "ಯಾವ ಮುಚ್ಚಳ?"

ಆರ್ಡೆಲ್ಲಾ ಟೀ ಒಂದು ಗುಟುಕು ಕುಡಿದು ಕೆಳಗಿಟ್ಟಳು. "ಆ ಗುರುವಾರ ಸಂಜೆ ಅವನು ಮನೆಗೆ ಬಂದು ಒಲೆ ಹತ್ರ ನಿಂತ್ಕೊಂಡು ನಂಗೆ ಪೂರ್ತಿ ಹಾಡಿ ತೋರ್ಸಿದ. ನಕ್ಕು ನಕ್ಕು ಕಣ್ಣಲ್ಲಿ ನೀರು. ಮಾರನೇ ದಿನ ಏಳು ಗಂಟೆಗೆ ಬರ್ತೀನಿ ಅಂದ, ಬರ್ಲಿಲ್ಲ. ನಾನು ಮುಚ್ಚಳ ತೆಗೆದು ತಿಂದೆ. ಅವತ್ತಿಂದ ಒಂದು ದಿನ ಕಾದಿಲ್ಲ. ಏಳು ಅಂದ್ರೆ ಏಳು. ಅವನ ಪಾಲೂ ನಂದೇ. ಬಂದೋನು ಖಾಲಿ ತಟ್ಟೆ ನೋಡಿ, 'ಹಾಡ್ಸಿದ್ದು ನಾನೇ, ಯಾರನ್ನ ಬೈಲಿ' ಅಂತಿದ್ದ. ಎಷ್ಟೋ ರಾತ್ರಿ ಮೊಟ್ಟೆ ಬೇಯಿಸ್ಕೊಂಡು ತಿಂದಿದ್ದಾನೆ."

"ಐವತ್ನಾಲ್ಕು ವರ್ಷ ಸುಮ್ನಿದ್ಯಲ್ಲೇ."

"ನೀನೆಲ್ಲಿ ಕೇಳ್ದೆ? ಬಂದಾಗೆಲ್ಲ ಅವನ ಮೇಲೆ ಕೂಗಾಡೋದು, ನನ್ನ ಪೈ ತಿನ್ನೋದು, ಹೋಗೋದು."

"ಮತ್ತೆ ರೆಕಾರ್ಡಿನ ಹಾಗೇ ಹಾಡು, ಹೆಚ್ಚಿಲ್ಲ ಕಡಿಮೆ ಇಲ್ಲ ಅಂದಿದ್ದು?"

ಆರ್ಡೆಲ್ಲಾ ಗಲ್ಲದಿಂದ ನೇರಳೆ ಟೋಪಿಗಳ ಕಡೆ ತೋರಿಸಿದಳು. "ಅವರಣ್ಣನಿಗೋಸ್ಕರ ನಾನು ಉಪವಾಸ ಕಾದೆ ಅಂತ ಆ ಇಬ್ರೂ ಚಿಕಾಗೋ ತುಂಬ ಹೇಳ್ಕೊಂಡು ಬಂದಿದ್ದಾರೆ. ಮಣ್ಣು ಮಾಡೋ ದಿನ ನಾನ್ಯಾಕೆ ಅದನ್ನ ಕೆಡಿಸ್ಲಿ."

ವರ್ಲೀನ್‌ಗೆ ನಗಬೇಕೋ ಕೂಗಬೇಕೋ ತಿಳಿಯಲಿಲ್ಲ. ಅಷ್ಟು ವರ್ಷ ರೇಡಿಯೋದವರಿಗೆ, ಟೀಚರುಗಳಿಗೆ, ಇಂಗ್ಲೆಂಡಿನವರಿಗೆ ಹೇಳಿ ಹೇಳಿ ಗಂಟಲು ಹರಿದುಕೊಂಡಿದ್ದಳು. ಎರಡು ಬೀದಿ ಆಚೆ, ಆಕೆ ಜಗಳಕ್ಕೆ ಹೋಗುತ್ತಿದ್ದ ಮನೆಯಲ್ಲೇ, ಒಬ್ಬಳು ಹಾಡನ್ನು ಪೂರ್ತಿ ಕೇಳಿ, ಹೇಳಿದ ಹಾಗೆ ದಿನಾ ಏಳು ಗಂಟೆಗೆ ಊಟ ಮಾಡುತ್ತಿದ್ದಳು.

"ಹೇಗೆ ಹಾಡ್ತಿದ್ದ ಅವನು?" ಎಂದು ಕೇಳಿದಳು.

ಆರ್ಡೆಲ್ಲಾ ಅತ್ತಿತ್ತ ನೋಡಿ, ಬಗ್ಗಿ, ಗಂಡನ ಒಡಕು ದನಿಯ ಧಾಟಿಯಲ್ಲೇ ಗುನುಗಿದಳು. "ಮುಚ್ಚಳ ತೆಗೆದೆ, ಕುರ್ಚಿ ಎಳಕೊಂಡೆ, ನಿನ್ನ ಪಾಲಿನ ಚಾಪ್ಸು ತಿಂದೆ..."

"ಏನು ತಿಂದೆ?"

"ಚಾಪ್ಸು. ಹಂದಿ ಚಾಪ್ಸು, ದಪ್ಪ ಮಾಂಸದ ತುಂಡು."

"ಚಾಪ್ಸಲ್ಲ. ಕತ್ತಿನ ಮೂಳೆ."

"ಅವನು ಚಾಪ್ಸ್ ಅಂತಲೇ ಹಾಡ್ತಿದ್ದಿದ್ದು."

"ಅವನಿಗೆ ಚಾಪ್ಸ್ ಇಷ್ಟ, ಹಾಡ್ತಾನೆ. ಆ ಮನೇಲಿ ಚಾಪ್ಸ್ ಇದ್ದಿದ್ರೆ ಅವಳು ಎರಡು ಚರಣ ಯಾಕೆ ಕಾಯ್ತಿದ್ಲು? ಮೊದಲ್ನೇ ಸಾಲಲ್ಲೇ ತಿಂದು ಮಲಗ್ತಿದ್ಲು. ಬಡವರ ಮನೆ ಹಂದಿಮೂಳೆ ಅದು. ಮೂಳೇನ ಚೀಪಬೇಕು, ಹೊತ್ತು ಹಿಡಿಯತ್ತೆ, ಅದಕ್ಕೇ ಆ ಸಾಲು ಅಷ್ಟು ಉದ್ದ ಇರೋದು. ಇಬ್ರೂ ಸೇರಿ ಐವತ್ನಾಲ್ಕು ವರ್ಷ ತಪ್ಪು ಹಾಡ್ಕೊಂಡಿದ್ದೀರಿ."

"ಹಾಗಾದ್ರೆ ಸರಿ ಮಾಡು" ಎಂದಳು ಆರ್ಡೆಲ್ಲಾ. "ಮೆಲ್ಲಗೆ. ಆ ಇಬ್ರಿಗೆ ಕೇಳಿಸೋದು ಬೇಡ."

"ಮೆಲ್ಲಗೆ ಹಾಡಕ್ಕೆ ನಂಗೆ ಬರಲ್ಲ."

ವರ್ಲೀನ್ ಬೆರಳುಗಳನ್ನು ನ್ಯಾಪ್‌ಕಿನ್ನಿಗೆ ಒರೆಸಿಕೊಂಡು, ತಟ್ಟೆಯ ಮೇಲೆ ಫಾಯಿಲ್ ಮತ್ತೆ ಎಳೆದಳು. ಮೇಜಿನ ಅಂಚಿನಲ್ಲಿ ಎರಡು ಬೆರಳಿನಿಂದ ತಾಳ ಹಾಕಿ, ರೆಕಾರ್ಡು ನಿಲ್ಲುವ ಜಾಗದಿಂದ ಹಿಡಿದಳು. ಕುರ್ಚಿ ಎಳೆದುಕೊಳ್ಳುವಾಗ ಅಡುಗೆಮನೆಯ ಕಿಟಕಿಯಲ್ಲಿ ಸೌಟುಗಳು ನಿಂತವು. ಮೂಳೆಯ ಸಾಲಿಗೆ ಬರುವಷ್ಟರಲ್ಲಿ ಎರಡೂ ನೇರಳೆ ಟೋಪಿಗಳು ಈ ಕಡೆ ತಿರುಗಿದ್ದವು. ಆರ್ಡೆಲ್ಲಾ ತಲೆ ಬಗ್ಗಿಸಿ ಕೇಕು ತಿನ್ನುತ್ತಿದ್ದಳು.